ಕೆಂಪು ದೋಣಿ

ಮೊನ್ನೆ ದಾವಣಗೆರೆಯ ಮಂಡಿಪೇಟೆಯಲ್ಲಿ ಸರಕಿನ ಗಾಡಿಯೊಂದು ಹಿಂದಕ್ಕೆ ಬರುತ್ತಿತ್ತು. ಅದರ ಪೀಂ ಪೀಂ ಸದ್ದಿಗೆ ಎಲ್ಲರೂ ದಾರಿ ಬಿಟ್ಟರು, ನಾನು ಮಾತ್ರ ಬೆಲ್ಲದ ಅಂಗಡಿಯ ಮುಂದೆ ನಿಂತುಬಿಟ್ಟೆ. ನನ್ನ ಹಳದಿ ದೋಣಿ ಮುಳುಗುವಾಗ ಬರುತ್ತಿದ್ದುದು ಇದೇ ಸದ್ದು.

"ಸರ್, ಜೀವದ ಮ್ಯಾಲೆ ಆಸೆ ಇಲ್ಲೇನ್ರಿ? ಸರೀರಿ ಅತ್ಲಾಗೆ!" ಎಂದು ಹಮಾಲ ಗದರಿದ ಮೇಲೆ ಸರಿದೆ.

ದೋಣಿ ಯಾವುದೆಂದು ನಿಮಗೆ ಹೇಳಬೇಕು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಮ್ಮ ಆಸ್ಪತ್ರೆ ಸೇರಿದಳು. ಆ ಬೇಸಿಗೆ ನನ್ನನ್ನು ಹರಿಹರಕ್ಕೆ, ಅಪ್ಪನ ಅಕ್ಕ ಗಿರಿಜತ್ತೆಯ ಮನೆಗೆ ಕಳಿಸಿದರು. ಮಾವನದು ದಾವಣಗೆರೆಯಲ್ಲಿ ಸಗಟು ವ್ಯಾಪಾರ. ಅಂಗಡಿಗೆಂದು ಅವರು ಕೊಂಡ ಕಂಪ್ಯೂಟರನ್ನು ಗುಮಾಸ್ತರು ಸವತಿಯ ಹಾಗೆ ಕಂಡಿದ್ದರಿಂದ ಅದು ಮನೆ ಸೇರಿತ್ತು. ಅತ್ತೆ ಅದಕ್ಕೆ ಸ್ಯಾಟಿನ್ ಹೊದಿಕೆ ಹೊಲಿದಿದ್ದರು, ಆಯುಧಪೂಜೆಯಲ್ಲಿ ವಿಭೂತಿ ಬಳಿಯುತ್ತಿದ್ದರು. ಅದಕ್ಕೆ ಸೆಕೆಯಾಗುತ್ತದೆಂದು ಫ್ಯಾನು ಅದರ ಕಡೆಗೇ ತಿರುಗಿರುತ್ತಿತ್ತು; ನಾವು ಬೆವರುತ್ತಿದ್ದೆವು.

ಅದರಲ್ಲೊಂದು ಆಟವಿತ್ತು. ಶೇರ್‌ವೇರ್ ಎನ್ನುತ್ತಿದ್ದರು. ಮೊದಲ ಭಾಗ ಪುಕ್ಕಟೆ, ಯಾರಿಗೆ ಬೇಕಾದರೂ ಹಂಚಬಹುದು. ಹಿಡಿಸಿದರೆ ಬರೆದವನಿಗೆ ಹಣ ಕಳಿಸಿ ಉಳಿದದ್ದನ್ನು ತರಿಸಿಕೊಳ್ಳಬೇಕು. ನಮ್ಮ ಕಡೆ ಹಂಚುವ ಮಾತನ್ನಷ್ಟೇ ಎಲ್ಲರೂ ಶ್ರದ್ಧೆಯಿಂದ ಪಾಲಿಸಿದರು. ಚೌಕನೆಯ ನೀಲಿ ಕೊಳ, ಅದರಲ್ಲಿ ಒಂದರ ಮೇಲೊಂದು ಗುಂಡು ಹಾರಿಸುವ ಎರಡು ದೋಣಿ. ಒಂದೇ ಕೀಬೋರ್ಡಿನ ಎಡತುದಿಯಲ್ಲಿ ಒಬ್ಬರು, ಬಲತುದಿಯಲ್ಲಿ ಇನ್ನೊಬ್ಬರು. ಅತ್ತೆಯ ಮಗಳು ಶೈಲಕ್ಕ ಕೊಂಡಜ್ಜಿಯ ಸ್ಕೌಟ್ಸ್-ಗೈಡ್ಸ್ ಶಿಬಿರ, ಗೆಳತಿಯರ ಮನೆ ಎಂದು ಊರು ತಿರುಗುತ್ತಿದ್ದಳು. ಆದ್ದರಿಂದ ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಅತ್ತೆಯೇ ಬಂದು ನನ್ನ ಪಕ್ಕ ಕೂತು ಆಡುತ್ತಿದ್ದರು. ಅವರ ಕೆಂಪು ದೋಣಿ ಒಮ್ಮೆಯೂ ಗೋಡೆಗೆ ತಾಗದೆ ಮೂಲೆ ತಿರುಗುತ್ತಿತ್ತು. ಅಂಥ ಆಟಗಾರ್ತಿಯನ್ನು ನಾನು ಮತ್ತೆ ಕಂಡಿಲ್ಲ.

ಎಂದು ನನ್ನ ನೆನಪು. ಆದರೆ ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದು ಎಂದು ಅಲ್ಲಿ ಕಲಿತದ್ದು ಹೇಗೆ ಅಂಟಿಕೊಂಡಿದೆಯೆಂದರೆ, ಗೇಟಿಗೆ ಬೀಗ ಹಾಕಿದೆನೇ ಎಂದು ಅರ್ಧ ದಾರಿಯಿಂದ ಮರಳಿ ಬಂದು ನೋಡುತ್ತೇನೆ. ಸರಿಯಾಗಿ ನೋಡಿದೆನೇ ಎಂದು ಮತ್ತೊಮ್ಮೆ ಬರುತ್ತೇನೆ. ಮಂಡಿಪೇಟೆಯಿಂದಲೇ ಶೈಲಕ್ಕನಿಗೆ ಫೋನು ಮಾಡಿದೆ.

"ನಮ್ಮವ್ವ? ಕಂಪ್ಯೂಟರ್ ಆಟ? ಟಿವಿ ರಿಮೋಟ್ ಉಲ್ಟಾ ಹಿಡೀತಾಳೆ ಆಕಿ. ನಿನಗೇನು ಕನಸು ಬಿದ್ದೈತೇನೋ?"

ಫೋನು ಅತ್ತೆಯ ಕೈಗೆ ಹೋಯಿತು. "ಇಲ್ಲಪ್ಪ, ನಾನೆಲ್ಲಿ ಆಡೀನಿ? ನನಗೆ ಅದೆಲ್ಲ ಬರಂಗಿಲ್ಲ."

ನೀವಾಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದಿರಿ. ನನಗೆ ಆಗಲಿಲ್ಲ. ಅಮ್ಮ ಆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಆ ಬೇಸಿಗೆಯಿಂದ ನನಗೆ ಉಳಿದಿರುವುದು ಪಕ್ಕದಲ್ಲಿ ಒಬ್ಬರು ಕೂತು ಆಡಿದ ಆ ಮಧ್ಯಾಹ್ನಗಳಷ್ಟೇ. ಅದೂ ನಾನು ಕಟ್ಟಿಕೊಂಡ ಕತೆಯಾದರೆ?

ಆಟವನ್ನೇ ಎಬ್ಬಿಸಿ ಕೇಳೋಣ ಎಂದುಕೊಂಡೆ. ಹುಡುಕಿದಾಗ, ಬರೆದ ಪುಣ್ಯಾತ್ಮ ಅದರ ಮೂಲ ಕೋಡನ್ನೇ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಪಿ.ಜೆ. ಬಡಾವಣೆಯ ನನ್ನ ಕೋಣೆಯಲ್ಲಿ ವಾರಗಟ್ಟಲೆ ಅದರ ಜೊತೆ ಗುದ್ದಾಡಿದೆ. ಆಟ ಹೇಗೋ ಶುರುವಾಯಿತು, ಆದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿದೂ ಹೋಯಿತು. ಆ ಕಾಲದ ಆಟಗಳು ಯಂತ್ರದ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ಇಂದಿನ ಯಂತ್ರ ಓಡುವ ಓಟಕ್ಕೆ ಪಾಪದ ದೋಣಿಗಳು ಹುಟ್ಟುತ್ತಲೇ ಮುಳುಗುತ್ತಿದ್ದವು. ಅದಕ್ಕೆ ಕಡಿವಾಣ ಹಾಕುತ್ತಾ, ಸಡಿಲಿಸುತ್ತಾ ಬಂದೆ. ಒಂದು ಬೆಳಿಗ್ಗೆ ಪರದೆಯ ಮೇಲೆ ನೀಲಿ ಕೊಳ ಅಲುಗದೆ ನಿಂತಿತು. ಎಲ್ಲಿಗೂ ಹೋಗದೆ, ಯಾರಾದರೂ ಕರೆಯಲಿ ಎಂದು ಇಷ್ಟು ವರ್ಷ ಕಾದಿತ್ತೆನ್ನುವ ಹಾಗೆ. ನಾನು ಎಡಗಡೆಯ ಕೀಲಿ ಒತ್ತಿದೆ. ಹಳದಿ ದೋಣಿ ಹೊರಟಿತು.

ತುಸು ಹೊತ್ತಿಗೆ ಕೆಂಪು ದೋಣಿಯೂ ಹೊರಟಿತು.

ಪಕ್ಕದ ಕುರ್ಚಿ ಖಾಲಿಯಿತ್ತು. ದೋಣಿ ಗೋಡೆಗೆ ತಾಗದೆ ಚೆಂದವಾಗಿ ಮೂಲೆ ತಿರುಗಿತು, ಗುರಿಯಿಟ್ಟು ನನ್ನನ್ನು ಮುಳುಗಿಸಿತು. ಕೋಡು ತೆರೆದು ನೋಡಿದೆ. ಬಲಗಡೆಯ ಕೀಲಿಗಳನ್ನು ಯಾರೂ ಒತ್ತದಿದ್ದರೆ ಎರಡನೆಯ ದೋಣಿಯನ್ನು ಯಂತ್ರವೇ ನಡೆಸಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಎದ್ದು ಹೋಗಿ ಚಹಾಕ್ಕಿಟ್ಟೆ. ಅದು ಉಕ್ಕಿ ಒಲೆಯೆಲ್ಲ ಆಯಿತು. ಬೇಕಾದ ಸಾಕ್ಷಿ ಸಿಕ್ಕಿತ್ತು. ಆ ಬೇಸಿಗೆ ನಾನು ಒಬ್ಬನೇ ಆಡಿದ್ದೆ.

ಆದರೂ ಭಾನುವಾರ ಲ್ಯಾಪ್‌ಟಾಪು, ಒಂದು ದೊಡ್ಡ ಕೀಬೋರ್ಡು ಹಿಡಿದು ಹರಿಹರಕ್ಕೆ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಅಯ್ಯ, ಇದು ಅದ! ಇನ್ನೂ ಐತೇನೋ?"

"ಕೂಡ್ರಿ ಅತ್ತೆ. ಇದನ್ನ ನೀವು ಆಡ್ತಿದ್ರೋ ಇಲ್ಲೋ, ಅಷ್ಟು ಹೇಳ್ರಿ."

"ಇಲ್ಲ ಅಂದೆನಲ್ಲ. ಅದು ತಾನೇ ಓಡ್ತಿತ್ತು. ನಾನು ಸುಮ್ನೆ ಬೆರಳು ಇಟ್ಕೊಂಡು ಕೂಡ್ತಿದ್ದೆ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶೈಲಕ್ಕನ ನಗು ಅರ್ಧಕ್ಕೇ ನಿಂತಿತು.

"ಮೊದ್ಲು ಒಂದೆರಡು ಸಲ ಒತ್ತಿದೆ. ಗೋಡೆಗೆ ಹೋಗಿ ಬಡೀತು. ನಿನ್ನ ಮಾರಿ ಇಷ್ಟು ಸಣ್ಣದಾತು. ಬಿಟ್ಟೆ ನೋಡು, ಚೆಂದ ಓಡ್ತು, ನೀನೂ ನಕ್ಕಿ. ಆಮ್ಯಾಲೆ ಒತ್ತಲಿಲ್ಲ. ಒತ್ತದಂಗೆ ಬೆರಳು ಇಟ್ಕೊಂಡು ಕೂಡೋದು ಏನು ಸುಲಭ ಅಂದ್ಕಂಡೀಯಾ? ಮೊಣಕೈ ಹಿಡ್ಕಂತಿತ್ತು."

"ಹೇಳಬಾರದಿತ್ತಾ ಅತ್ತೆ?"

"ಏನಂತ ಹೇಳ್ಲಿ? ನಿನ್ನ ಜೋಡಿ ಯಾರೂ ಇಲ್ಲ ಅಂತಲಾ?"

ಮನೆಗೆಲಸ ಮುಗಿಸಿದ ಹೆಂಗಸೊಬ್ಬಳು ಬೇಸಿಗೆಯುದ್ದಕ್ಕೂ ಪ್ರತಿ ಮಧ್ಯಾಹ್ನ ಕೀಲಿಗಳ ಮೇಲೆ ಭಾರ ಬೀಳದಂತೆ ಬೆರಳನ್ನು ತೇಲಿಸಿಕೊಂಡು ಕೂತಿದ್ದಳು. ಒಂದು ಕೀಲಿಯನ್ನೂ ಒತ್ತದೆ ಆಡಿದ ಆ ಆಟವನ್ನು ಯಾವ ಸಂಖ್ಯಾಶಾಸ್ತ್ರದಲ್ಲಿ ಎಣಿಸುವುದು? ಯಂತ್ರದ ಪ್ರಕಾರ ಅಲ್ಲಿ ಯಾರೂ ಇರಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ನನ್ನ ನೆನಪೂ.

ಅಲ್ಲೇ ಕೂತು, ಎರಡನೆಯ ದೋಣಿಯನ್ನು ಯಂತ್ರವೇ ನಡೆಸುವಂತೆ ಮಾಡುವ ಕೋಡಿನ ಸಾಲುಗಳನ್ನು ಅಳಿಸಿ ಆಟವನ್ನು ಮತ್ತೆ ಶುರುಮಾಡಿದೆ. ಕೆಂಪು ದೋಣಿ ನಿಂತಲ್ಲೇ ನಿಂತಿತು.

"ಇದಕ್ಕೇನಾತು?"

"ಇನ್ಮ್ಯಾಲೆ ನೀವೇ ನಡೆಸಬೇಕು ಅತ್ತೆ."

"ನಾನಾ? ಬ್ಯಾಡ ಮಾರಾಯ" ಎನ್ನುತ್ತಲೇ ಒತ್ತಿದರು. ದೋಣಿ ನೇರವಾಗಿ ಹೋಗಿ ಗೋಡೆಗೆ ಗುದ್ದಿತು. ಹಿಂದಕ್ಕೆ ಬಂದು ಇನ್ನೊಂದು ಗೋಡೆಗೆ ಗುದ್ದಿತು. ಶೈಲಕ್ಕ ಬಿದ್ದು ಬಿದ್ದು ನಕ್ಕಳು. ಅಷ್ಟು ಕೆಟ್ಟದಾಗಿ ಆಡುವವರನ್ನು ನಾನು ಕಂಡಿರಲೇ ಇಲ್ಲ. ಪಾಪ, ಒಂದು ಆಟ ಗೆಲ್ಲಲಿ ಎಂದು ಎಡಗೈ ಸಡಿಲ ಬಿಟ್ಟೆ. ಬೆರಳು ಕೀಲಿಗಳ ಮೇಲೇ ಇತ್ತು, ಒತ್ತಲಿಲ್ಲ.

ಅತ್ತೆ ಪರದೆ ನೋಡುವುದನ್ನು ಬಿಟ್ಟು ನನ್ನ ಕೈ ನೋಡಿದರು.

"ಏ, ಒತ್ತೋ! ಯಾರ ಮುಂದೆ ಆಡ್ತಿ ಆ ಆಟ?"

ಒತ್ತಿದೆ. ಗುಂಡು ಹೋಗಿ ಕೆಂಪು ದೋಣಿಯನ್ನು ಮುಳುಗಿಸಿತು. ಅತ್ತೆ ಸೆರಗು ಸಿಕ್ಕಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.