ಎಡಗಡೆ ಚೀಲದ ಪಟ್ಟಿ

ನನ್ನ ತಮ್ಮನ ಹತ್ತಿರ ಮೋಟಾರ್ ಸೈಕಲ್ ಇತ್ತು. ಹೋಗಬೇಕಾದ ದಾರಿ ಯಾವುದೆಂದೂ ಗೊತ್ತಿತ್ತು. ಸಾಮಾನು ಹಾಕಿಕೊಳ್ಳಲು ಸರಿಯಾದ ಚೀಲ ಸಿಕ್ಕರೆ ಹೊರಡುತ್ತೇನೆ, ನೀನೇ ನೋಡಿ ಹೇಳು ಎಂದು ಅವನು ನನ್ನ ಹತ್ತಿರ ಬಂದ. ಬೇರೆ ಯಾರ ಹತ್ತಿರವಾದರೂ ಹೋಗಿದ್ದರೆ ಚೆನ್ನಾಗಿತ್ತು.

ನಾವಿರುವುದು ಕೊಯಮತ್ತೂರಿನ ಹತ್ತಿರ, ಕರುಮತ್ತಂಪಟ್ಟಿಯಿಂದ ಸೋಮನೂರಿಗೆ ಹೋಗುವ ದಾರಿಯಲ್ಲಿ. ಮನೆಗೆ ಅಂಟಿಕೊಂಡಂತೆ ತಗಡಿನ ಶೆಡ್ಡು, ಅದರೊಳಗೆ ಆರು ಕರೆಂಟ್ ಮಗ್ಗ. ಅಪ್ಪ ಅಮ್ಮ ಹೋದ ಮೇಲೆ ಉಳಿದವರು ನಾವಿಬ್ಬರೇ. ನಾನು ಮದುವೆಯಾದ ವರ್ಷವೇ ಗಂಡನ ಮನೆಯಿಂದ ವಾಪಸು ಬಂದವಳು. ತಮ್ಮನಿಗೆ ಮದುವೆಯೇ ಆಗಲಿಲ್ಲ. ನಾನು ತಮಿಳು ಶಾಲೆಯಲ್ಲಿ ಐದನೆಯ ಕ್ಲಾಸಿನ ತನಕ ಓದಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಹಳ ವರ್ಷ ಹೊಲಿದೆ. ಸೊಂಟ ಕೈಕೊಟ್ಟ ಮೇಲೆ ಮನೆಯಲ್ಲೇ ಒಂದು ಮಿಷನ್ ಇಟ್ಟುಕೊಂಡು, ಉಳಿದ ಹೊತ್ತಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದೆ. ಮಗ್ಗ ಓಡಿಸುವುದು ನನಗೆ ಬರುತ್ತದೆ. ನಿಂತ ಮಗ್ಗವನ್ನು ಬಿಚ್ಚಿ ಸರಿಮಾಡುವುದು ಬರುವುದಿಲ್ಲ. ಅದು ತಮ್ಮನ ಕೆಲಸ.

ಕನ್ನಡ ನಮ್ಮ ಮನೆಯಲ್ಲಿ ಬಾಯಿಗೆ ಮಾತ್ರ ಇದ್ದ ಭಾಷೆ. ಬಾಗಿಲು ದಾಟಿದರೆ ತಮಿಳು. ಹೌದು ಎನ್ನಲು ಆಮಾ, ಹೆಣ್ಣಿಗೆ ಪೆಣ್ಣು, ಸರಿಗೆ ಸೆರಿ ಎಂದು ಅದು ಮನೆಯ ಮಾತಿನೊಳಕ್ಕೂ ಬಂದಿತ್ತು. ನಮ್ಮವರು ಎಂದೋ ಘಟ್ಟ ಇಳಿದು ಬಂದವರು ಎಂದು ಅಜ್ಜಿ ಹೇಳುತ್ತಿದ್ದಳು. ಎಲ್ಲಿಂದ ಎಂದು ಅವಳಿಗೂ ಗೊತ್ತಿರಲಿಲ್ಲ. ತಮ್ಮನಿಗೆ ಒಂದೇ ಆಸೆ. ಸತ್ಯಮಂಗಲದ ಮೇಲೆ ದಿಂಬಂ ಘಟ್ಟ ಹತ್ತಿ, ಚಾಮರಾಜನಗರ ದಾಟಿ, ಉತ್ತರಕ್ಕೆ ಹೋಗುತ್ತಲೇ ಇರಬೇಕು. ಅಂಗಡಿಗಳ ಮೇಲೆ ಕನ್ನಡ ಬೋರ್ಡು ಎಲ್ಲಿ ಮುಗಿಯುತ್ತದೋ ಅಲ್ಲಿ ಗಾಡಿ ತಿರುಗಿಸಬೇಕು. ಒಂದು ತಿಂಗಳು ಸಾಕು ಎನ್ನುತ್ತಿದ್ದ. ಬೋರ್ಡು ಓದಲಿಕ್ಕೆಂದೇ ಫೋನಿನಲ್ಲಿ ನೋಡಿಕೊಂಡು ಅಕ್ಷರ ಕಲಿತ. ತಾನು ಕಲಿತದ್ದನ್ನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೂ ಕಲಿಸಿದ. ಈಗ ಇದನ್ನು ಬರೆಯುತ್ತಿರುವ ಅಕ್ಷರ ಅವನು ಕೊಟ್ಟದ್ದು.

ಮೊದಲು ಅವನು ಕೇಳಿದ್ದು ಪೆಟ್ಟಿಗೆ. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು, ಬೀಗ ಹಾಕಬಹುದು, ಮಳೆ ತಾಗುವುದಿಲ್ಲ. ಕೊಯಮತ್ತೂರಿನ ಅಂಗಡಿಯಲ್ಲಿ ನೋಡಿ ಬಂದೆವು. ಚೆನ್ನಾಗಿಯೇ ಇತ್ತು. ನಾನು, ಇದು ಎರಡೂ ಕಡೆ ಮೊಳದುದ್ದ ಚಾಚಿಕೊಳ್ಳುತ್ತದೆ, ಅವಿನಾಶಿ ರೋಡಿನಲ್ಲಿ ಲಾರಿ ಪಕ್ಕದಲ್ಲಿ ಬಂದರೆ ಸಾಕು, ಪೆಟ್ಟಿಗೆಯ ಜೊತೆ ನೀನೂ ಹೋಗುತ್ತೀ ಎಂದೆ. ಅದು ಸುಳ್ಳೇನಲ್ಲ. ಗಾಡಿ ಓಡಿಸುವವರೂ ಹಾಗೇ ಹೇಳುತ್ತಾರೆ. ಆದರೆ ನಾನು ಹೇಳಿದ್ದು ಆ ಕಾರಣಕ್ಕಲ್ಲ.

ಆಮೇಲೆ ಬಟ್ಟೆಯ ಚೀಲ. ಸೀಟಿನ ಮೇಲೆ ಅಡ್ಡ ಹಾಕಿ ಎರಡು ಕಡೆ ಇಳಿಬಿಡುವಂಥದ್ದು. ಅದಕ್ಕೆ, ಬಲಗಡೆ ಸೈಲೆನ್ಸರ್ ಇದೆ, ಬಿಸಿಗೆ ಸುಟ್ಟುಹೋಗುತ್ತದೆ ಎಂದೆ. ಅವನು ಚೀಲ ಆನಿಸಲು ಕಬ್ಬಿಣದ ಕಂಬಿ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದ. ಜೊತೆಯಲ್ಲಿ ನಾನೂ ಹೋದೆ. ಕಂಬಿಯನ್ನು ಎರಡು ಸಲ ಬಗ್ಗಿಸಿ, ಎರಡು ಸಲವೂ ನಾನು ಬೇಡವೆಂದು ತಲೆಯಾಡಿಸಿದ ಮೇಲೆ, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ ಆಡುವ ವೆಲ್ಡಿಂಗಿನವನು ಕಣ್ಣಿನ ಕನ್ನಡಕ ಮೇಲಕ್ಕೆತ್ತಿ ತಮ್ಮನ ಕಡೆ ತಿರುಗಿದ.

"ಅಣ್ಣಾ, ಇಷ್ಟು ನೋಡೋರು ಪೆಣ್ಣು ನೋಡಿದ್ದಿದ್ರೆ ನಿಮ್ಗೆ ಈ ಜನ್ಮದಾಗ ಮದ್ವೆ ಆಗ್ತಿರ್ಲಿಲ್ಲ."

"ಆಗ್ಲಿಲ್ವಲ್ಲಪ್ಪಾ!" ಎಂದ ತಮ್ಮ. "ನೋಡಿದ್ದೂ ಇವಳೇನೆ."

ಮೂವರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಕಂಬಿ ಮೂರನೆಯ ಸಲಕ್ಕೆ ಸರಿಯಾಯಿತು, ಅಂಗಡಿಯ ಚೀಲ ಮಾತ್ರ ಬೇಡವೆಂದಾಯಿತು. ಒಂದು ಬಕೆಟ್ ನೀರು ಸುರಿದು ಒಳಗೆ ಒದ್ದೆಯಾದದ್ದನ್ನು ನಾನೇ ತೋರಿಸಿದೆ. ಕೊನೆಗೆ ತಮ್ಮ ಹೇಳಿದ: "ಅಕ್ಕ, ನೀನೇ ಒಲ್ದ್ ಕೊಡು. ನೀನ್ ಒಲ್ದಿದ್ದಾದ್ರೆ ನಿನ್ಗೇ ನಂಬಿಕೆ ಬರ್ತೈತಲ್ಲ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದಪ್ಪ ಕ್ಯಾನ್ವಾಸು, ಒಳಗೆ ತಾರ್ಪಾಲಿನ ಪದರ, ಬಾಯಿಯನ್ನು ಮೂರು ಸುತ್ತು ಸುರುಳಿ ಸುತ್ತಿ ಬಕಲ್ ಹಾಕುವಂತೆ. ಸೂಜಿ ಹೋದ ಕಡೆಯೆಲ್ಲ ನೀರು ಹೋಗುತ್ತದೆ, ಅದಕ್ಕೆ ಹೊಲಿಗೆಯ ಮೇಲೆ ಟೇಪ್ ಅಂಟಿಸಿ ಇಸ್ತ್ರಿಯಿಂದ ಒತ್ತಿದೆ. ಕಂಪನಿಯಲ್ಲಿ ಯಾರದೋ ದೇಶದ ಯಾರಿಗೋ ಹೊಲಿದವಳು ಮೊದಲ ಸಲ ಮನೆಯವನಿಗೆ ಹೊಲಿದೆ. ಕೆಲಸ ಚೆನ್ನಾಗಿ ಬಂತು. ಅದನ್ನು ಹೇಳಿಕೊಳ್ಳಲು ಈಗಲೂ ಒಂದು ಕೆಟ್ಟ ಹೆಮ್ಮೆ ಇದೆ. ತಮ್ಮ ಎರಡೂ ಚೀಲ ತುಂಬಿ, ಶೆಡ್ಡಿನ ತಕ್ಕಡಿಗೆ ಹಾಕಿ ತೂಕ ಸಮ ಮಾಡಿದ. ಸ್ಪ್ಯಾನರು, ಟ್ಯೂಬು, ಚೈನಿನ ಎಣ್ಣೆ ಎಲ್ಲ ತಳಕ್ಕೆ. ಭಾರ ಕೆಳಗಿದ್ದರೆ ತಿರುವಿನಲ್ಲಿ ಗಾಡಿ ಬಗ್ಗಿದ ಮೇಲೆ ಎದ್ದು ನಿಲ್ಲುತ್ತದಂತೆ. ಬಟ್ಟೆ ಮೇಲೆ. ಟ್ಯಾಂಕಿನ ಮೇಲಿನ ಪುಟ್ಟ ಚೀಲದಲ್ಲಿ ಫೋನು, ನೀರು, ಕಡಲೆ ಮಿಠಾಯಿ. ಮಳೆಕೋಟು ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ. ಅವನು ತುಂಬುವುದನ್ನು ನೋಡುತ್ತ ನಿಂತಾಗ ನನಗೆ ತಿಳಿಯಿತು, ಇವನು ನಿಜವಾಗಿಯೂ ಹೊರಟುಬಿಡುತ್ತಾನೆ.

ಭಯದಿಂದ ತಡೆದೆ ಎಂದು ಬರೆದರೆ ಓದಿದವರು ಅಯ್ಯೋ ಪಾಪ ಅಂದಾರು. ಅವನು ಬಿದ್ದಾನು, ಲಾರಿಗೆ ಸಿಕ್ಕಾನು ಎಂಬ ಭಯ ನನಗಿರಲಿಲ್ಲ. ಅವನು ಚೆನ್ನಾಗಿ ಓಡಿಸುತ್ತಿದ್ದ. ನನಗಿದ್ದದ್ದು ಬೇರೆ. ಹೊರಗೆ ಹೋಗಿ ಉಸಿರಾಡಿ ಬಂದವನಿಗೆ ಈ ಶೆಡ್ಡು, ಈ ಸದ್ದು, ನಾನು, ಎಲ್ಲ ಏನೆಂದು ಗೊತ್ತಾಗಿಬಿಡುತ್ತದೆ. ಒಂದು ತಿಂಗಳು ನಿಂತ ಮಗ್ಗಗಳ ನಡುವೆ ಒಬ್ಬಳೇ ಕೂತಿರುವುದು ನನಗೆ ಬೇಡವಾಗಿತ್ತು. ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ.

ಹೊರಡುವ ಮೊದಲು ಸತ್ಯಮಂಗಲದವರೆಗೆ ತುಂಬಿದ ಚೀಲದೊಂದಿಗೆ ಹೋಗಿ ಬಂದು ನೋಡುತ್ತೇನೆ ಎಂದ. ಅದರ ಹಿಂದಿನ ದಿನ ಮಧ್ಯಾಹ್ನ, ಅವನು ಮಗ್ಗದ ಬಳಿ ಇದ್ದಾಗ, ಎಡಗಡೆ ಚೀಲದ ಪಟ್ಟಿಯನ್ನು ಮಿಷನ್ನಿಗೆ ತಂದೆ. ಚೀಲ ಕಂಬಿಗೆ ನಿಲ್ಲುವುದು ಆ ಪಟ್ಟಿಯಿಂದಲೇ. ನೈಲಾನ್ ನೂಲಿನಲ್ಲಿ ಚೌಕ ಹಾಕಿ, ಒಳಗೆ ಅಡ್ಡಡ್ಡ ಗೆರೆ ಎಳೆದು ಹೊಲಿದಿದ್ದೆ. ಅದನ್ನೆಲ್ಲ ಬಿಚ್ಚಿದೆ. ಅದೇ ಕಪ್ಪು ಬಣ್ಣದ ಹತ್ತಿ ನೂಲು ಏರಿಸಿ, ಉದ್ದುದ್ದ ಹೊಲಿಗೆಯ ಒಂದೇ ಸಾಲು ಓಡಿಸಿದೆ. ಕೊನೆಯಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಲಿಲ್ಲ. ಕಂಪನಿಯಲ್ಲಿ ಯಾರಾದರೂ ಹಾಗೆ ಹೊಲಿದಿದ್ದರೆ ಸೂಪರ್‌ವೈಸರ್ ಮುಖಕ್ಕೆ ಎಸೆಯುತ್ತಿದ್ದಳು.

ಮಾರನೆಯ ದಿನ, ಸತ್ಯಮಂಗಲದ ದಾರಿಯಲ್ಲಿ ಪುಳಿಯಂಪಟ್ಟಿ ದಾಟಿದ ಮೇಲೆ ಚೀಲ ಕಿತ್ತು ಬಿತ್ತು. ಹಿಂದೆ ಯಾರೂ ಬರುತ್ತಿರಲಿಲ್ಲ. ಅದು ಕೂಡ ನನ್ನ ಪುಣ್ಯವಲ್ಲ. ಹೆಗಲ ಟವೆಲ್ಲಿನಲ್ಲಿ ಅದನ್ನು ಕಟ್ಟಿಕೊಂಡು ಅವನು ಸಂಜೆಯೊಳಗೆ ಬಂದ. ಜಗಲಿಯ ಮೇಲೆ ಕೂತು ಪಟ್ಟಿಯ ತುದಿಯನ್ನು ಬೆರಳಲ್ಲಿ ತಿರುವುತ್ತಿದ್ದ.

"ಏನಾಯ್ತು ಸಾಮಿ?" ಎಂದು ಮುದ್ದಿನಿಂದ ಕೇಳಿದೆ.

"ನಾನ್ ಕಟ್ಟಿದ್ದೇ ಸರಿಯಾಗಿಲ್ಲ ಅಕ್ಕ. ಭಾರ ಒಂದ್ ಕಡೆ ಎಳ್ದಿರ್ಬೇಕು."

"ನಾನ್ ಏಳ್ಲಿಲ್ವಾ? ಇರ್ಲಿ ಬಿಡು, ಮತ್ತೆ ಒಲ್ದ್ ಕೊಡ್ತೀನಿ. ಅವಸರ ಏನು?"

"ಆಮಾ, ಅವಸರ ಏನು" ಎಂದ.

ಕಾಫಿ ಮಾಡಲು ಒಳಗೆ ಹೋದೆ. ಹೊರಗೆ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿತು. ಕಾಗದ ಸುಟ್ಟಂಥ ವಾಸನೆ ಬಂತು. ಸೊಳ್ಳೆಬತ್ತಿ ಹಚ್ಚುತ್ತಿದ್ದಾನೆ ಎಂದುಕೊಂಡೆ.

ಆ ಪಟ್ಟಿಯನ್ನು ನಾನು ಮತ್ತೆ ಹೊಲಿಯಲಿಲ್ಲ. ಅವನು ಕೇಳಲೂ ಇಲ್ಲ. ಹೊರಡುವ ಮಾತು ಬಂದಾಗ, ಈ ಬೀಮ್ ಮುಗಿಯಲಿ ಎಂದು ನಾನು ಹೇಳುತ್ತಿದ್ದೆ. ಬೀಮ್ ಎಂದರೆ ಉದ್ದನೂಲು ಸುತ್ತಿದ ದೊಡ್ಡ ಉರುಳೆ. ಮಗ್ಗಕ್ಕೆ ಏರಿಸಿದರೆ ನೇಯ್ದು ಮುಗಿಸಲೇಬೇಕು, ನೂಲು ಕೊಟ್ಟವರಿಗೆ ಬಟ್ಟೆ ಕೊಡುವ ಮಾತಾಗಿರುತ್ತದೆ. ಆರು ಮಗ್ಗ ಇರುವವರ ಮನೆಯಲ್ಲಿ ಆರೂ ಬೀಮ್ ಒಂದೇ ದಿನ ಮುಗಿಯುವುದಿಲ್ಲ. ಒಂದು ಮುಗಿಯುವಾಗ ಇನ್ನೊಂದು ಅರ್ಧ, ಮತ್ತೊಂದು ಆಗತಾನೇ ಏರಿಸಿದ್ದು. ಸೋಮನೂರಿನಲ್ಲಿ ಇದು ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆದರೂ ಪ್ರತಿ ಸಲ, ಸೆರಿ ಅಕ್ಕ, ಮುಗೀಲಿ ಎನ್ನುತ್ತಿದ್ದ. ಹೀಗೆ ವರ್ಷಗಳು ಹೋದವು. ಚೀಲಗಳು ಶೆಡ್ಡಿನ ಗೋಡೆಯ ಮೊಳೆಯಲ್ಲಿ ಹತ್ತಿಯ ಧೂಳು ಹಿಡಿದು ಬೆಳ್ಳಗಾದವು.

ಒಂದು ದಿನ ಅವನು ಸೋಮನೂರಿನಿಂದ ಗಾಡಿಯಲ್ಲಿ ಬಂದ. ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಚಪ್ಪಲಿ ಎಲ್ಲೋ?"

ಬಗ್ಗಿ ನೋಡಿಕೊಂಡ. ನನ್ನ ಮುಖ ನೋಡಿದ. ನಕ್ಕುಬಿಡುತ್ತಾನೆ ಎಂದುಕೊಂಡೆ. "ಬಿದ್ದಿದ್ದೇ ಗೊತ್ತಾಗ್ಲಿಲ್ಲ ಅಕ್ಕ" ಎಂದ. ಪಾದವನ್ನು ನೆಲಕ್ಕೆ ಒತ್ತಿ ನೋಡಿಕೊಂಡು, "ಬ್ರೇಕ್ ಮೇಲೆ ಕಾಲು ಐತೋ ಇಲ್ವೋ, ಅದೂ ಗೊತ್ತಾಗ್ತಿಲ್ಲ" ಎಂದ.

ಶುಗರ್ ಇತ್ತು. ಯಾವಾಗಿನಿಂದ ಇತ್ತೋ. ಮಗ್ಗದ ಸದ್ದಿನಲ್ಲಿ ಮೈ ಹೇಳಿದ್ದು ಯಾರಿಗೆ ಕೇಳುತ್ತದೆ? ಕಾಲಿನ ನರ ಸತ್ತಿದೆ, ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಆಮೇಲೆ ಅದು ಕಣ್ಣಿಗೆ ಬಂತು. ಕೊಯಮತ್ತೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕಣ್ಣಿಗೆ ಸೂಜಿ ಹಾಕಿಸಿದೆ, ಲೇಸರ್ ಇಡಿಸಿದೆ. ಇದ್ದದ್ದು ಇನ್ನಷ್ಟು ದಿನ ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು. ಯಾರೂ ನನ್ನನ್ನು ಬೈಯುವಂತಿಲ್ಲ. ಅವನ ರಕ್ತಕ್ಕೆ ಸಕ್ಕರೆ ಹಾಕಿದವಳು ನಾನಲ್ಲ. ಕಾಲು ಕಣ್ಣು ಚೆನ್ನಾಗಿದ್ದ ವರ್ಷಗಳನ್ನು ತಿಂದವಳು ಮಾತ್ರ ನಾನು. ಅದಕ್ಕೆ ಸೂಜಿಯೂ ಇಲ್ಲ, ಲೇಸರ್ರೂ ಇಲ್ಲ.

ಗಾಡಿ ನಿಂತಲ್ಲೇ ತುಕ್ಕು ಹಿಡಿಯುತ್ತದೆ, ಮಾರಿಬಿಡೋಣ ಎಂದವನು ಅವನೇ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಬಾಡಿಗೆಗಿದ್ದ ಒಬ್ಬ ಇಂಜಿನಿಯರ್ ನೋಡಲು ಬಂದ. ಕರ್ನಾಟಕದವನು, ವಯಸ್ಸು ಮೂವತ್ತರೊಳಗೆ. ನಾವಿಬ್ಬರು ಒಳಗೆ ಮಾತಾಡಿಕೊಂಡದ್ದು ಅವನ ಕಿವಿಗೆ ಬಿತ್ತು.

"ಅರೆ, ನೀವು ಕನ್ನಡದವರಾ? ಯಾವ ಊರು ಸರ್ ನಿಮ್ಮದು?"

"ಈ ಊರೇನೆ" ಎಂದ ತಮ್ಮ. "ನಿಮ್ಮೂರ್ ಕಡೆ ಒಂದ್ ಸಲ ಬರ್ಬೇಕು ಅಂತಿದ್ದೆ."

"ಬನ್ನಿ ಸರ್, ಖಂಡಿತ ಬನ್ನಿ! ನಾನು ಈ ಗಾಡಿಯಲ್ಲೇ ಊರಿಗೆ ಹೋಗಬೇಕು ಅಂತ ಪ್ಲಾನ್ ಮಾಡಿದ್ದೀನಿ. ಆ ಗೋಡೆ ಮೇಲಿರೋ ಬ್ಯಾಗ್‌ಗಳು ಇದಕ್ಕೇ ಮಾಡಿಸಿದ್ದಾ?"

ಚೀಲಗಳನ್ನು ಇಳಿಸಿ ಧೂಳು ಹೊಡೆದು ಕೊಟ್ಟೆ. ಅವನು ಸುರುಳಿ ಬಾಯಿ ಬಿಚ್ಚಿ, ಒಳಗಿನ ಟೇಪ್ ಸವರಿ, ಅಂಗಡಿಯಲ್ಲೂ ಇಂಥದ್ದು ಸಿಗೋಲ್ಲ ಎಂದ. ಯಾರು ಹೊಲಿದದ್ದು ಎಂದು ಕೇಳಿದ.

"ನಮ್ಮಕ್ಕ" ಎಂದ ತಮ್ಮ. ಆಗಲೇ ಅವನಿಗೆ ಎದುರಿಗಿದ್ದವರ ಮುಖ ಮಸುಕು ಮಸುಕು. ಕೈ ಚಾಚಿ ಚೀಲ ತೆಗೆದುಕೊಂಡು, ತಡವದೆ, ನೇರವಾಗಿ ಎಡಗಡೆ ಪಟ್ಟಿಯ ಮೇಲೆ ಬೆರಳಿಟ್ಟ. "ಎಲ್ಲಾ ಚೆನ್ನಾಗೈತೆ. ಇದೊಂದ್ನ ಮಾತ್ರ ಒಲಿಸ್ಕೊಳ್ಳಿ ಸಾರ್. ಇದ್ರಾಗ ಇದ್ದಿದ್ದು ಹತ್ತಿ ನೂಲು, ಭಾರ ತಡೀಲಿಲ್ಲ. ನೈಲಾನ್ ಆಕ್ಸಿ, ಚೌಕ ಆಕ್ಸಿ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಶೆಡ್ಡಿನಲ್ಲಿ ಮಗ್ಗ ಓಡುತ್ತಿತ್ತು.

ನೂಲು ಯಾವುದೆಂದು ಅನುಮಾನ ಬಂದರೆ ನಮ್ಮ ಕಡೆ ತುದಿಗೆ ಬೆಂಕಿ ಹಿಡಿದು ನೋಡುತ್ತಾರೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ನೈಲಾನ್ ಕರಗಿ ತುದಿಯಲ್ಲಿ ಮಣಿಯಂತೆ ಗಟ್ಟಿಯಾಗುತ್ತದೆ. ನೇಯುವವರ ಮನೆಯ ಮಗು ನಡೆಯುವ ಮೊದಲು ಇದನ್ನು ಕಲಿಯುತ್ತದೆ. ಅಂಥವನಿಗೆ ನಾನು ನೂಲಿನಲ್ಲೇ ಮೋಸ ಮಾಡಲು ಹೋಗಿದ್ದೆ. ಅಂದು ಸಂಜೆ ಜಗಲಿಯಲ್ಲಿ ಹಚ್ಚಿದ್ದು ಸೊಳ್ಳೆಬತ್ತಿಯಲ್ಲ. ಅವನಿಗೆ ಅಂದೇ ತಿಳಿದಿತ್ತು. ಚೀಲ ಬಿದ್ದದ್ದಕ್ಕೆ ಅವನು ಹೋಗದೆ ಉಳಿಯಲಿಲ್ಲ. ಯಾಕೆ ಬಿತ್ತೆಂದು ತಿಳಿದು ಉಳಿದ. ನನಗಾಗಿ ಉಳಿದ ಎಂದು ಬರೆಯಲು ಕೈ ಬರುತ್ತಿಲ್ಲ. ನಾನು ಇಷ್ಟು ಮಾಡಬಲ್ಲವಳು ಎಂದು ತಿಳಿದ ಮೇಲೆ ಅವನಿಗೆ ಹೊರಡುವ ಮನಸ್ಸೇ ಸತ್ತಿತೋ ಏನೋ. ಕೇಳಿದರೆ ಹೇಳಿಯಾನು. ನಾನು ಕೇಳಿಲ್ಲ. ಅವನೂ ಆ ಮಾತು ಎತ್ತಿಲ್ಲ. ಗಾಡಿ ಹೋದ ಸಂಜೆ ಅವನು ಕೇಳಿದ್ದು ಸಕ್ಕರೆ ಹಾಕದ ಕಾಫಿ.

ಕೆಲವು ವಾರ ಬಿಟ್ಟು ನನ್ನ ಫೋನಿಗೆ ಆ ಇಂಜಿನಿಯರ್ ಒಂದು ಫೋಟೋ ಕಳಿಸಿದ. ಘಟ್ಟದಾಚೆ ಎಲ್ಲೋ, ರಸ್ತೆ ಬದಿಯಲ್ಲಿ ಗಾಡಿ ನಿಂತಿದೆ. ಎರಡು ಕಡೆ ಚೀಲಗಳು ತುಂಬಿಕೊಂಡು ಸಮವಾಗಿ ಕೂತಿವೆ. ಹಿಂದೆ ಒಂದು ಅಂಗಡಿ.

ತಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ನನಗೇ ಕೊಟ್ಟ.

"ಬೋರ್ಡ್ ಐತಾ?"

"ಐತೆ."

"ಕನ್ನಡದಾಗ?"

"ಆಮಾ."

"ಓದು."

ಓದಿದೆ. "ಇಲ್ಲಿ ಪಂಚರ್ ಹಾಕಲಾಗುವುದು."

ಅವನ ತುಟಿ ಸ್ವಲ್ಪ ಅಲುಗಿತು. ಇಷ್ಟು ಓದಲಿಕ್ಕಾ ಅಷ್ಟು ಕಲಿತೆ ಎಂದೋ ಏನೋ. ಗೋಡೆಗೆ ಒರಗಿಕೊಂಡ. ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಸಿ ಇಟ್ಟುಕೊಂಡ, ಯಾರದೋ ಸಾಮಾನನ್ನು ಎತ್ತಿಡುವ ಹಾಗೆ.

"ಆ ಪಟ್ಟಿ ಒಲಿಸವ್ನಾ?"

ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಚೀಲ ಕಂಬಿಗೆ ಬಿಗಿಯಾಗಿ ನಿಂತಿತ್ತು. ಪಟ್ಟಿಯ ಹತ್ತಿರ ಹೋದಷ್ಟೂ ಕಪ್ಪು ಚುಕ್ಕೆಗಳು, ಬೇರೇನೂ ಇಲ್ಲ.

"ಒಲಿಸವ್ನೆ" ಎಂದೆ.

"ಯಾವ ನೂಲು?"

"ನೈಲಾನ್" ಎಂದೆ. ಅದು ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿಲ್ಲವೆಂದು ಅವನಿಗೂ ಗೊತ್ತಿರಬೇಕು.

"ಸೆರಿ" ಎಂದ.