ಪಹರೇದಾರನ ಮೂಗು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯ ಸೈರನ್ ಕೂಗಿತು. ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಕೆಳದನಿ, ಆಮೇಲೆ ಮೇಲೇರುತ್ತ ಹೋಗುವ ಉದ್ದನೆಯ ಕೂಗು, ಇಳಿಯುವಾಗ ಒಂದು ಸಣ್ಣ ನಡುಕ. ಇದು ವಾರದ ಪರೀಕ್ಷೆ, ಯಾರೂ ಓಡುವುದಿಲ್ಲ. ತಗಡಿನ ಮಾಡಿನ ಮೇಲಿನ ಪಾರಿವಾಳಗಳು ಮಾತ್ರ ಪ್ರತಿ ಸಲವೂ ಹೊಸದಾಗಿ ಹೆದರಿ ಹಾರುತ್ತವೆ, ಒಂದು ಸುತ್ತು ಹೊಡೆದು ಅದೇ ಜಾಗಕ್ಕೆ ಬಂದು ಕೂರುತ್ತವೆ. ಮೂರನೆಯ ರಿಯಾಕ್ಟರಿನ ಬಳಿ ನಿಂತಿದ್ದ ಶಿವಪ್ಪ ಸದ್ದು ಪೂರ್ತಿ ಮುಗಿಯುವವರೆಗೆ ಕೈಗೆಲಸ ನಿಲ್ಲಿಸಿ ಕೇಳಿಸಿಕೊಂಡ. ಕಿವಿ ಸರಿಯಿದೆ. ಇಷ್ಟನ್ನು ಅವನು ಪ್ರತಿ ಸೋಮವಾರ ಖಾತ್ರಿ ಮಾಡಿಕೊಳ್ಳುತ್ತಿದ್ದ.

ಶಿವಪ್ಪನಿಗೆ ಐವತ್ತನಾಲ್ಕು ವರ್ಷ. ಇಂಡಿ ತಾಲ್ಲೂಕಿನಿಂದ ಪುಣೆಗೆ ಬಂದು ಇಪ್ಪತ್ತೆಂಟು ವರ್ಷಗಳಾದವು. ಮನೆ ಕೊಂಢವಾದಲ್ಲಿ, ಕೆಲಸ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ. ಬೆಳಿಗ್ಗೆ ಹಡಪಸರದವರೆಗೆ ರಿಕ್ಷಾ, ಅಲ್ಲಿಂದ ಕಂಪನಿಯ ಬಸ್ಸು, ದಾರಿಯಲ್ಲಿ ಅರ್ಧ ನಿದ್ದೆ. ಹಿರಿಯ ಆಪರೇಟರ್ ಎಂದು ಅವನ ಗುರುತಿನ ಚೀಟಿಯಲ್ಲಿದೆ. ಆದರೆ ಕಾರ್ಖಾನೆಯಲ್ಲಿ ಅವನಿಗೆ ಹೆಸರು ತಂದದ್ದು ಅವನ ಮೂಗು. ಬಹಳ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತವನು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಓಡಿದ್ದ. ಸಾಲ್ವೆಂಟಿನ ಪೈಪೊಂದು ಸೋರುತ್ತಿತ್ತು. ಯಾವ ಎಚ್ಚರಿಕೆಯ ಗಂಟೆಯೂ ಮೊಳಗುವ ಮೊದಲೇ ಅವನು ವಾಲ್ವು ಮುಚ್ಚಿದ್ದ. ಆ ವರ್ಷದ ಸುರಕ್ಷತಾ ದಿನದಂದು ಮ್ಯಾನೇಜರ್ ಕೊಟ್ಟ ಗೋಡೆ ಗಡಿಯಾರ ಈಗಲೂ ಮನೆಯ ಹಾಲಿನಲ್ಲಿ ಎರಡು ನಿಮಿಷ ಮುಂದಾಗಿ ನಡೆಯುತ್ತಿದೆ.

ಅಂದಿನಿಂದ ಕಾರ್ಖಾನೆಯಲ್ಲಿ ಒಂದು ರೂಢಿ ಬೆಳೆಯಿತು. ಪೈಪಿನ ಜೋಡಣೆ ಬಿಚ್ಚುವ ಮೊದಲು ಒಳಗೆ ನೈಟ್ರೋಜನ್ ಹಾಯಿಸಿ ತೊಳೆಯಬೇಕು, ಆಮೇಲೆ ಗ್ಯಾಸ್ ಮೀಟರ್ ಹಿಡಿದು ನೋಡಬೇಕು. ಇದು ಕಾಗದದ ಮೇಲಿನ ನಿಯಮ. ಇದ್ದ ಎರಡು ಮೀಟರುಗಳಲ್ಲಿ ಒಂದು ಯಾವಾಗಲೂ ತಪಾಸಣೆಗೆ ಹೋಗಿರುತ್ತಿತ್ತು. ಇನ್ನೊಂದು ಟ್ಯಾಂಕುಗಳ ಕಡೆ, ಅಂಗಳದ ಆ ತುದಿಯಲ್ಲಿ. ಹೋಗಿ ತರಲು ಇಪ್ಪತ್ತು ನಿಮಿಷ. ಹೀಗಾಗಿ ಫಿಟ್ಟರು ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೇಳುತ್ತಿದ್ದ: "ಕಾಕಾ, ಮೂಗು ಏನಂತದ್ರಿ?" ಶಿವಪ್ಪ ಜೋಡಣೆಯ ಹತ್ತಿರ ಬಾಗಿ ಎರಡು ಸಲ ಉಸಿರೆಳೆದು "ಹೂಂ" ಅನ್ನುತ್ತಿದ್ದ. ಆ ಹೂಂ ಬಂದರೆ ಬೋಲ್ಟು ಬಿಚ್ಚಬಹುದು. ಹೊಸದಾಗಿ ಸೇರಿದವರು ನಿಯಮಕ್ಕಿಂತ ಮೊದಲು ಇದನ್ನು ಕಲಿಯುತ್ತಿದ್ದರು.

ಆ ಮೂಗು ಸತ್ತು ನಾಲ್ಕು ವರ್ಷವಾಗಿತ್ತು.

ಕೋವಿಡಿನ ಎರಡನೆಯ ಅಲೆಯಲ್ಲಿ ಹನ್ನೆರಡು ದಿನ ಜ್ವರ ಬಂತು, ಹೋಯಿತು. ವಾಸನೆ ಹೋದದ್ದು ಮರಳಲಿಲ್ಲ. ಅಡುಗೆಕಟ್ಟೆಯ ಪಕ್ಕ ಕೂತು ಪೇಪರ್ ಓದುತ್ತಿದ್ದವನ ಮುಂದೆಯೇ ಹಾಲು ಹೊತ್ತಿ ಪಾತ್ರೆ ಕರ್ರಗಾದಾಗ ಹೆಂಡತಿ ಪ್ರಫುಲ್ಲಾ ಒಳಗಿನಿಂದ ಓಡಿ ಬಂದಳು. "ಏನ್ ಕುಂತೀರಿ ದೇವರ ಹಂಗ? ಇಡೀ ಬಿಲ್ಡಿಂಗಿಗೆ ವಾಸನಿ ಹೋಗ್ಯದ!" ಮನೆಯಲ್ಲಿ ಅದು ಬೇಗನೆ ನಗೆಯ ಮಾತಾಯಿತು. ಹಳಸಿದ ಪಲ್ಯ ಪಪ್ಪನ ಪಾಲಿಗೆ ಎಂದು ಮಗಳು ಅಪೇಕ್ಷಾ ಕಾಡುತ್ತಿದ್ದಳು. ಕಾರ್ಖಾನೆಯಲ್ಲಿ ಆ ಮೂಗಿನಿಂದ ಏನು ನಡೆಯುತ್ತದೆ ಎಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಜ್ವರದ ನಂತರ ಕೆಲಸಕ್ಕೆ ಮರಳಿದ ಮೊದಲ ದಿನವೇ ಫಿಟ್ಟರ್ ಸಂಕಪ್ಪ ಕೇಳಿದ್ದ, ಮೂಗು ಏನಂತದ್ರಿ ಎಂದು. ಶಿವಪ್ಪ ಬಾಗಿ ಉಸಿರೆಳೆದ. ಕಬ್ಬಿಣದ ತಂಪು ಮಾತ್ರ ಒಳಗೆ ಹೋಯಿತು. ಇವತ್ತಲ್ಲ ನಾಳೆ ಬರುತ್ತದೆ, ಡಾಕ್ಟರೂ ಹಾಗೇ ಹೇಳಿದ್ದಾರೆ, ಅಷ್ಟಕ್ಕೆ ಯಾಕೆ ಊರೆಲ್ಲ ಸುದ್ದಿ ಎಂದುಕೊಂಡ. ಹೂಂ ಅಂದ. ನೈಟ್ರೋಜನ್ ಸರಿಯಾಗಿ ಹಾದಿತ್ತು, ಏನೂ ಆಗಲಿಲ್ಲ. ಮರುದಿನವೂ ಹೂಂ ಅಂದ.

ಆಮೇಲೆ ಅವನು ಬೇರೆ ದಾರಿಗಳನ್ನು ಹುಡುಕಿಕೊಂಡ. ನೈಟ್ರೋಜನ್ನನ್ನು ಹತ್ತು ನಿಮಿಷ ಹೆಚ್ಚು ಹಾಯಿಸುವುದು. ಗಾಳಿಯ ದಿಕ್ಕು ತೋರಿಸಲು ಕಂಬದ ಮೇಲೆ ಕಟ್ಟಿದ ಗಾಳಿಚೀಲ ಯಾವ ಕಡೆ ತಿರುಗಿದೆ ಎಂದು ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತ ನಿಂತವರ ಮುಖ ನೋಡುವುದು. ವಾಸನೆ ಬಂದರೆ ಸಂಕಪ್ಪನ ಮೂಗಿನ ಹೊಳ್ಳೆ ಸಣ್ಣದಾಗುತ್ತದೆ. ಶಿಫ್ಟಿನ ಕೆಮಿಸ್ಟ್ ಅಭಿಲಾಷನ ಹುಬ್ಬುಗಳು ಒಂದಾಗುತ್ತವೆ. ವರ್ಷಕ್ಕೆರಡು ಸಲ ಡಾಕ್ಟರು ಎಲ್ಲರ ಕಣ್ಣು ನೋಡುತ್ತಾರೆ, ಕಿವಿ ನೋಡುತ್ತಾರೆ, ಕೊಳವೆಯೊಳಗೆ ಊದಿಸುತ್ತಾರೆ. ಆ ಫಾರ್ಮಿನಲ್ಲಿ ಮೂಗಿಗೆ ಜಾಗವಿಲ್ಲ. ಗೊತ್ತಾದರೆ ಅವನನ್ನು ಪ್ಲಾಂಟಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸುತ್ತಾರೆ; ಕೈಗವಸು, ಬೂಟು ಕೊಡುವ ಕಿಟಕಿಯ ಹಿಂದೆ. ಆ ಕಿಟಕಿಯ ಮುಂದೆ ಹಾದುಹೋಗುವಾಗಲೆಲ್ಲ ಅವನ ನಡಿಗೆ ತಾನಾಗಿ ಚುರುಕಾಗುತ್ತಿತ್ತು.

ಈ ವರ್ಷ ಶ್ರಾವಣದ ಒಂದು ಸೋಮವಾರ ಸಂಕಪ್ಪ ಬಿದ್ದ. ಶಿವಪ್ಪ ಹೂಂ ಅಂದ ಮೇಲೆ ಎರಡು ಬೋಲ್ಟು ಬಿಚ್ಚಿದ್ದ ಅಷ್ಟೇ. ತಲೆ ತಿರುಗಿ ಕೂತು, ವಾಂತಿ ಮಾಡಿ, ಅಲ್ಲೇ ಒರಗಿದ. ನರ್ಸು ಕೇಳಿದ್ದಕ್ಕೆ ಇವತ್ತು ಉಪವಾಸ ಅಂದ. ಎಲ್ಲರೂ ಉಪವಾಸದ ಲೆಕ್ಕಕ್ಕೆ ಹಾಕಿದರು. ಸಂಜೆ ಬಸ್ಸಿನಲ್ಲಿ ಅವನೇ ನಗುತ್ತ ಶಿವಪ್ಪನಿಗೆ ಹೇಳಿದ: "ಜರಾ ವಾಸನಿ ಬಂದಂಗಾತು ಕಾಕಾ. ಆದ್ರ ನೀವು ಹೂಂ ಅಂದಮ್ಯಾಲ ನನ್ನ ಮೂಗಿನ ಮಾತು ನಾ ಯಾಕ ಕೇಳ್ಲಿ?" ಬೋಲ್ಟು ಬಿಚ್ಚುವಾಗ ಸಂಕಪ್ಪ ಶಿವಪ್ಪನಿಗೆ ಬೆನ್ನು ಮಾಡಿ ನಿಂತಿದ್ದ. ಮುಖ ಕಂಡಿರಲಿಲ್ಲ.

ಆ ಮಾತು ಶಿವಪ್ಪನ ಎದೆಯಲ್ಲಿ ಮೂರು ವಾರದಿಂದ ಇತ್ತು. ಅದಕ್ಕೆ ಹೊರಬರುವ ದಾರಿ ಸಿಕ್ಕದ್ದು ಒಂದು ಟಿವಿ ಧಾರಾವಾಹಿಯಲ್ಲಿ.

ಭಾನುವಾರ ಊಟದ ಮೇಲೆ ಅಪ್ಪ ಮಗಳು 'ಆಖ್ರೀ ಚೌಕಿ' ನೋಡುತ್ತಾರೆ. ಹಿಂದಿಗೆ ಡಬ್ ಆದ ಧಾರಾವಾಹಿ, ಹೆಸರಿನ ಅರ್ಥ ಕೊನೆಯ ಠಾಣೆ. ಭೂಮಿಯಿಂದ ಬಹಳ ದೂರ, ಆಕಾಶದಲ್ಲಿ ತೇಲುವ ಒಂದು ಠಾಣೆ. ಅಲ್ಲಿ ಕೆಲಸ ಮಾಡುವ ಇಪ್ಪತ್ತು ಮೂವತ್ತು ಮಂದಿ. ಅವರ ನಡುವೆ ಪಹರೇದಾರ ಎಂದು ಕರೆಸಿಕೊಳ್ಳುವ ಒಬ್ಬ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಗಾಳಿಯ ಯಂತ್ರವಿರುವ ಕೋಣೆಯ ಬಾಗಿಲಲ್ಲಿ ಹಗಲೂ ರಾತ್ರಿ ಕೂತಿರುತ್ತಾನೆ, ಮಾತಾಡುವುದಿಲ್ಲ, ಎದುರು ಬಂದವರ ಮುಖವನ್ನು ಎವೆಯಿಕ್ಕದೆ ನೋಡುತ್ತಾನೆ. ಹಿಂದಿನ ಠಾಣೆಯಲ್ಲಿ ಹನ್ನೊಂದು ಮಂದಿ ಒಂದೇ ದಿನ ಸತ್ತರು, ಉಳಿದವನು ಇವನೊಬ್ಬನೇ. ಯಾರು ಇವನು ಎಂಬುದರ ಮೇಲೆ ಅಪೇಕ್ಷಾ ಸೇರಿದ್ದ, ಸಾವಿರಾರು ಅಭಿಮಾನಿಗಳ ಫೋನಿನ ಗುಂಪೊಂದರಲ್ಲಿ ದಿನವೂ ಜಗಳ.

"ಅರ್ಧ ಮಂದಿ ಯಂತ್ರ ಅಂತಾರ ಪಪ್ಪಾ," ಅಂದಳು ಅವಳು. "ಉಳಿದ ಮಂದಿ, ಕ್ಯಾಪ್ಟನ್ನೇ ಮುದುಕ ಆಗಿ ಹಿಂದಿನ ಕಾಲಕ್ಕ ಬಂದಾನ ಅಂತಾರ."

"ಯಂತ್ರ ಅಲ್ಲ ಬಿಡು. ಯಂತ್ರ ಮಂದೀ ಮಾರಿ ಯಾಕ ನೋಡ್ತದ?"

"ಮನಸಿನ್ಯಾಗಿಂದು ಓದ್ತಾನಂತ. ಅದಕ್ಕ."

"ಏನೂ ಓದೂದಿಲ್ಲ ಅಂವ. ಅವಗ ವಾಸನಿ ಬರೂದಿಲ್ಲ."

ಮೆಂತ್ಯ ಬಿಡಿಸುತ್ತ ಕೂತಿದ್ದ ಪ್ರಫುಲ್ಲಾ ತಲೆಯೆತ್ತದೆ ಅಂದಳು: "ಮನ್ಯಾಗ ಒಬ್ಬರಿದ್ದದ್ದು ಸಾಲಲಿಲ್ಲಂತ ಟಿವಿಯಾಗೂ ಒಬ್ಬ."

ಶಿವಪ್ಪ ನಗಲಿಲ್ಲ. ರಿಮೋಟು ತೆಗೆದುಕೊಂಡು ನಾಲ್ಕನೆಯ ಕಂತಿಗೆ ಹೋದ. ಠಾಣೆಯ ಅಡುಗೆಮನೆಯಲ್ಲಿ ವೈರು ಸುಡುವ ದೃಶ್ಯ. "ನೋಡು. ಎಲ್ಲಾರೂ ತಟ್ಟನೆ ಅತ್ತ ತಿರುಗ್ಯಾರ. ಇಂವ ಮೊದಲು ಅವರ ಮಾರಿ ನೋಡಿದ, ಆಮ್ಯಾಲ ತಿರುಗಿದ." ಆರನೆಯ ಕಂತಿನಲ್ಲಿ ಒಂದು ಮಗು ಠಾಣೆಯ ತೋಟದಲ್ಲಿ ಅರಳಿದ ಮೊದಲ ಹೂವನ್ನು ಪಹರೇದಾರನಿಗೆ ತಂದುಕೊಡುತ್ತದೆ. ಅವನು ಮೂಗಿಗೆ ಹಿಡಿಯುತ್ತಾನೆ. "ಇಲ್ಲಿ ಅವನ ಕಣ್ಣ ನೋಡು. ಹೂವಿನ ಮ್ಯಾಲ ಇಲ್ಲ, ಕೂಸಿನ ಮ್ಯಾಲ ಅದಾವ. ಎಷ್ಟೊತ್ತು ಹಿಡೀಬೇಕು ಅಂತ ಅದರ ಮಾರಿ ನೋಡಿ ತಿಳಕೊಳ್ಳಾಕತ್ತಾನ."

ಅಪೇಕ್ಷಾ ಪರದೆಯ ಹತ್ತಿರಕ್ಕೆ ಸರಿದಳು. ಶಿವಪ್ಪ ಮುಂದುವರಿಸಿದ. "ಹಿಂದಿನ ಚೌಕಿಯೊಳಗ ಅಂವ ಗಾಳಿ ಯಂತ್ರದ ಕೆಲಸದಾಂವ. ಅವನ ಮೂಗಿನ ಮ್ಯಾಲ ಎಲ್ಲಾರಿಗೂ ನಂಬಿಕಿ. ಮೂಗು ಹೋತು, ಹೇಳಲಿಲ್ಲ. ಏನೂ ಸೋರಂಗಿಲ್ಲ, ಮಕ್ಕೋರಿ ಅಂದ. ಮಕ್ಕೊಂಡರು, ಮಕ್ಕೊಂಡಲ್ಲೇ ಸತ್ತರು. ಅದಕ್ಕ ಈಗ ಬಾಗಿಲ ಬಿಟ್ಟು ಏಳೂದಿಲ್ಲ ಅಂವ."

ಮೆಂತ್ಯ ಬಿಡಿಸುತ್ತಿದ್ದ ಕೈ ನಿಂತಿತ್ತು. ಪ್ರಫುಲ್ಲಾ ಗಂಡನನ್ನು ಒಮ್ಮೆ ನೋಡಿ ಮತ್ತೆ ಸೊಪ್ಪು ಬಿಡಿಸತೊಡಗಿದಳು.

"ಪಪ್ಪಾ, ಇದು ಯಾರಿಗೂ ಹೊಳದಿಲ್ಲ! ಗುಂಪಿನ್ಯಾಗ ಹಾಕ್ಲ್ಯಾ?"

"ಹಾಕು. ನನ್ನ ಹೆಸರು ಬ್ಯಾಡ."

ಅಪೇಕ್ಷಾ ಹೆಸರು ಹಾಕಲಿಲ್ಲ. ಕುರಕುಂಭವಾಲೇ ಕಾಕಾನ ಥಿಯರಿ ಎಂದು ಹಾಕಿದಳು. ಅದು ಶಿವಪ್ಪನಿಗೆ ಗೊತ್ತಾದದ್ದು ಮರುದಿನ ಬಸ್ಸಿನಲ್ಲಿ.

ಯವತ ಊರು ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಅಭಿಲಾಷ ಕೂಗಿದ. ಅಕ್ಕಲಕೋಟದ ಹುಡುಗ, ಎಂ.ಎಸ್ಸಿ. ಮುಗಿಸಿ ಬಂದು ಎರಡು ವರ್ಷ. "ಲೇ ಸಂಕಪ್ಪಾ, ಕೇಳಿಲ್ಲೆ. ಯಾರೋ ಕುರಕುಂಭದ ಕಾಕಾ ಅಂತ. ಪಹರೇದಾರನ ಕತೀನೇ ಬಿಚ್ಚಿ ಇಟ್ಟಾನ. ಸಾವಿರ ಮಂದಿ ಹೌದೌದು ಅಂದಾರ!" ಅವನು ಗಟ್ಟಿಯಾಗಿ ಓದತೊಡಗಿದ. ಮರಾಠಿ ಮಂದಿಯೂ ತಿರುಗಿ ಕೂತರು. ಓದಿನಲ್ಲಿ ಗಾಳಿಯ ಯಂತ್ರ ಬಂತು, ಹೂವು ಬಂತು, ಮೂಗು ಹೋದದ್ದನ್ನು ಮುಚ್ಚಿಟ್ಟವನು ಬಂದ.

"ಯಾರಿರಬೇಕು ಇಂವ?" ಅಂದ ಅಭಿಲಾಷ. "ಪ್ಲಾಂಟಿನ್ಯಾಗ ಕೆಲಸ ಮಾಡಿದವನ ಮಾತಿದು."

"ಕುರಕುಂಭದಾಗ ಕಾಕಾಗಳಿಗೇನು ಬರ? ಈ ಬಸ್ಸಿನ್ಯಾಗ ಒಂಬತ್ತ ಮಂದಿ ಅದಾರ," ಅಂದ ಸಂಕಪ್ಪ. ಪಕ್ಕದಲ್ಲಿದ್ದ ಶಿವಪ್ಪನ ಭುಜ ತಟ್ಟಿದ. "ನಮ್ಮ ಕಾಕಾ ಅಂತೂ ಅಲ್ಲ. ಮೂಗಿನ ಮಹಾರಾಜ ಅಂವ. ಮೂಗಿಲ್ಲದವನ ದುಃಖ ಅವಗೇನು ಗೊತ್ತು?"

ಬಸ್ಸು ನಕ್ಕಿತು. ಶಿವಪ್ಪನೂ ನಕ್ಕ. ಮುಂದಿನ ಸೀಟಿನಲ್ಲಿದ್ದ ಸೇಫ್ಟಿ ಆಫೀಸರ್ ಸ್ನೇಹಲ್ ಮಾತ್ರ ನಗದೆ ತಿರುಗಿ ಅವನ ಮುಖ ನೋಡಿದಳು. "ಕಾಕಾ, ತುಮ್ಹೀ ಬಘತಾ ಕಾ ಹೀ ಮಾಲಿಕಾ?" ನೀವೂ ಈ ಧಾರಾವಾಹಿ ನೋಡ್ತೀರಾ ಎಂದು ಕೇಳಿದಳು. ಮಗಳು ನೋಡುತ್ತಾಳೆ ಎಂದು ಶಿವಪ್ಪ ಮರಾಠಿಯಲ್ಲೇ ಹೇಳಿದ. ಅವಳು ತಲೆಯಾಡಿಸಿ ಮುಂದಕ್ಕೆ ತಿರುಗಿದಳು. ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು ಎಂದು ಶಿವಪ್ಪನಿಗೆ ಅನ್ನಿಸಿತು. ಇಳಿಯುವವರೆಗೂ ಅವನು ಕಿಟಕಿಯಾಚೆಯ ಕಬ್ಬನ್ನೇ ನೋಡುತ್ತ ಕೂತ.

ಅಂದು ಬೆಳಿಗ್ಗೆ ಹತ್ತರ ಸೈರನ್ ನಿಂತು ಪಾರಿವಾಳಗಳು ಮರಳಿ ಕೂತವು. ಮೂರನೆಯ ರಿಯಾಕ್ಟರಿನ ಮೇಲಿನ ಪೈಪು ಕಟ್ಟಿಕೊಂಡಿತ್ತು, ಜೋಡಣೆ ಬಿಚ್ಚಬೇಕಿತ್ತು. ನೈಟ್ರೋಜನ್ ಹಾದು ಮುಗಿದಿತ್ತು. ಸಂಕಪ್ಪ ಪಾನಾ ಹಿಡಿದು ಪೈಪಿನ ಕಡೆ ಮುಖ ಮಾಡಿ ಸಿದ್ಧನಾಗಿದ್ದ. ಅವನ ಬೆನ್ನ ಮೇಲೆ ಬೆವರು ಅಂಗಿಯನ್ನು ಅಂಟಿಸಿತ್ತು. ಅಭಿಲಾಷ ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ಟಿನ ಹಲಗೆ ಹಿಡಿದು ನಿಂತಿದ್ದ. ಅವನಿಗಿನ್ನೂ ಬಸ್ಸಿನ ಗುಂಗು.

"ಆ ಥಿಯರಿ ಚಲೋ ಅದ ಕಾಕಾ. ಆದ್ರ ಒಂದು ಕಡೆ ಸೋರ್ತದ."

"ಎಲ್ಲಿ?"

"ಮೂಗು ಹೋತು ಅಂತ ಹೇಳಿದ್ರ ಏನಾಗ್ತಿತ್ತ್ರಿ ಅವಗ? ಬ್ಯಾರೆ ಕೆಲಸ ಕೊಡ್ತಿದ್ರು. ಅಷ್ಟ ಸಣ್ಣ ಮಾತಿಗೆ ಯಾರರೆ ಮಂದಿ ಸಾಯೂತನಕ ಸುಮ್ನ ಇರ್ತಾರೇನು? ಮನುಷ್ಯಾ ಆದಾಂವ ಹಂಗ ಮಾಡೂದಿಲ್ಲ. ಅದಕ್ಕ ನಾ ಅನ್ನೂದು, ಅಂವ ಯಂತ್ರನೇ."

"ಮೊದಲನೇ ದಿನ ಸಣ್ಣ ಮಾತು ಇರ್ತದ," ಅಂದ ಶಿವಪ್ಪ. "ನಾಳೆ ಬರ್ತದ ಅಂತ ಅನ್ಕೊಂಡಿರ್ತಾನ."

"ನಾಳೆ ಬರಲಿಲ್ಲಲ್ಲ?"

"ಅಷ್ಟೊತ್ತಿಗೆ ಒಮ್ಮೆ ಹೂಂ ಅಂದಿರ್ತಾನಲ್ಲ. ಈಗ ಇಲ್ಲ ಅಂದ್ರ ನಿನ್ನೀದು ಸುಳ್ಳಾಗ್ತದ."

ಅಭಿಲಾಷ ಪೆನ್ನಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಯೋಚಿಸಿದ. ಸಂಕಪ್ಪ ತಿರುಗದೆಯೇ ಕೇಳಿದ: "ಮಾತು ಮುಗದಿದ್ರ, ಮೂಗು ಏನಂತದ್ರಿ ಕಾಕಾ?"

ಶಿವಪ್ಪ ಬಾಗಲಿಲ್ಲ.

"ಪಾನಾ ಕೆಳಗಿಡು ಸಂಕಪ್ಪಾ."

"ಯಾಕ್ರಿ, ಬರಾಕತ್ತದೇನು?"

"ಅದು ನನಗ ತಿಳಿಯೂದಿಲ್ಲ. ಮೀಟರ್ ಬರೂತನಕ ಮುಟ್ಟಬ್ಯಾಡ. ನಾ ಹೂಂ ಅಂದ್ರೂ ಮುಟ್ಟಬ್ಯಾಡ." ಅವನ ದನಿ ಏರಲಿಲ್ಲ. "ಮತ್ತ ಕೇಳು. ಆ ಸೋಮವಾರ ನಿನ್ನ ಕೆಡವಿದ್ದು ಉಪವಾಸ ಅಲ್ಲ."

ಸಂಕಪ್ಪ ತಿರುಗಿದ. ಶಿವಪ್ಪ ಆ ಮುಖವನ್ನು ನೋಡಿದ. ಈ ಸಲ ಅದರಿಂದ ಏನನ್ನೂ ಓದಿಕೊಳ್ಳುವ ಅಗತ್ಯವಿರಲಿಲ್ಲ. ಸಂಕಪ್ಪ ಪಾನಾವನ್ನು ನಿಧಾನವಾಗಿ, ಸದ್ದಾಗದಂತೆ, ಕಬ್ಬಿಣದ ಜಾಲರಿ ನೆಲದ ಮೇಲಿಟ್ಟ.

ಶಿವಪ್ಪ ಅಭಿಲಾಷನ ಕೈಯಿಂದ ಪರ್ಮಿಟ್ ಕಾಗದವನ್ನು ಬಿಡಿಸಿಕೊಂಡ. ತನ್ನ ಸಹಿಯ ಜಾಗ ಖಾಲಿಯಿತ್ತು. ಅದನ್ನು ಹಾಗೇ ಎರಡಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡ.

"ಮೀಟರ್ ಆ ತುದಿಗೆ ಅದರಿ, ಇಪ್ಪತ್ತ ನಿಮಿಷ ಹೋಗ್ತದ," ಅಂದ ಅಭಿಲಾಷ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅಥವಾ ಅರ್ಧ ಅರ್ಥವಾಗಿತ್ತು, ಅದನ್ನು ನಂಬಲು ಮನಸ್ಸಿರಲಿಲ್ಲ. "ಹೋಗ್ಲಿ, ತರಸ್ತೀನಿ. ಆದ್ರ ಕಾಕಾ, ಇದನ್ನ ಹೇಳ್ರಿ. ಆ ಪಹರೇದಾರ ಖರೇನ ಹಂತಾಂವ ಆಗಿದ್ರ, ಕಡೀಗೆ ಯಾರ ಮುಂದ ಬಾಯಿ ಬಿಡ್ತಾನ್ರಿ? ಕ್ಯಾಪ್ಟನ್ ಮುಂದನೋ, ಇಲ್ಲಾ ಆ ಕೂಸಿನ…"

ಶಿವಪ್ಪ ಆಗಲೇ ಕಬ್ಬಿಣದ ಮೆಟ್ಟಿಲು ಇಳಿದಿದ್ದ. ಗಾಳಿಚೀಲದ ಕಂಬ ದಾಟಿ, ಸ್ಟೋರಿನ ಕಿಟಕಿಯ ಮುಂದೆ ಹಾದು, ಸ್ನೇಹಲಳ ಕ್ಯಾಬಿನ್ನಿನ ಕಡೆ ನಡೆದ. ಕಿಟಕಿಯ ಮುಂದೆ ಅವನ ನಡಿಗೆ ಚುರುಕಾಗಲಿಲ್ಲ.