ಆಶೀರ್ವಾದಕ್ಕೆ ಬಿಟ್ಟ ಜಾಗ

ಹೋದ ವಾರ ಶುಕ್ರವಾರ ಸಂಜೆ ಅಮ್ಮ ಮಂಗಳೂರಿನಿಂದ ಫೋನ್ ಮಾಡಿದಳು. ಹಲೋ ಇಲ್ಲ, ಊಟದ ವಿಚಾರಣೆ ಇಲ್ಲ. ನೇರ ಬೈಗುಳ.

"ಎಂತ ಮಾರಾಯ್ತಿ ನಿಮ್ಮ ರೇಡಿಯೋ? ಬೆಸಾಂವ್ ಕೇಳಿ ಹಾಗೇ ಓಡಿ ಹೋಗುವುದಾ? ನಾನು ಬಾಯಿ ತೆರೆಯುವಾಗ ಪದ್ಯ ಶುರುವಾಯ್ತು."

ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಮಾಲೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ "ಬೆಸಾಂವ್ ದಿಯಾ" ಎನ್ನಬೇಕು. ಆಶೀರ್ವಾದ ಕೊಡಿ ಅಂತ. ಹಿರಿಯರು "ದೇವ್ ಬರೆಂ ಕರುಂ", ಅಂದರೆ ದೇವರು ಒಳ್ಳೆಯದು ಮಾಡಲಿ, ಎಂದ ಮೇಲೇ ಊಟ. ಮಧ್ಯಾಹ್ನ ಅವರ ಕೈಯಿಂದಲೇ ಏಟು ತಿಂದಿದ್ದರೂ ಕೇಳಲೇಬೇಕು, ಅವರು ಕೊಡಲೇಬೇಕು.

ನಮ್ಮ ರೇಡಿಯೋ ಹುಟ್ಟಿದ್ದೇ ಅದಕ್ಕಾಗಿ. ಸಿರಿಲ್ ಅಂಕಲ್ ಇಲ್ಲಿ ದುಬೈಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಜಪಮಾಲೆಯನ್ನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ, ರಜೆಗೆ ಹೋಗುವವರ ಸೂಟ್‌ಕೇಸಿನಲ್ಲಿ ತಾಯಿಗೆ ಕಳಿಸುತ್ತಿದ್ದರು. ನಮ್ಮದೂ ಒಂದು ಸ್ವರ ಇರಲಿ ಎಂದು ಇಲ್ಲಿದ್ದ ಊರಿನ ಉಳಿದವರೂ ಸೇರಿಕೊಂಡರು. ಇಂಟರ್ನೆಟ್ ಬಂದ ಮೇಲೆ ಅದೇ ರೇಡಿಯೋ ಆಯಿತು. (ಇಲ್ಲಿ ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಬದಲಾಗಿ ಯಾವ ಕಾಲವಾಯಿತು, ನಮ್ಮ ರೇಡಿಯೋಗೆ ಇನ್ನೂ ಶುಕ್ರವಾರವೇ ಭಾನುವಾರ.)

ಸ್ಟುಡಿಯೋ ಅಂದರೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಅಂಕಲ್‌ರ ಬೆಡ್‌ರೂಮ್. ಹೊರಗಿನ ಗದ್ದಲ ತಡೆಯಲು ಗೋಡೆ ತುಂಬ ಊರಿಗೆ ಒಯ್ಯಲೆಂದು ತಂದ ದಪ್ಪ ಬ್ಲ್ಯಾಂಕೆಟ್‌ಗಳು. ಸದ್ದಾಗುತ್ತದೆಂದು ಎಸಿ ಬಂದ್. ಆಗಸ್ಟ್‌ನಲ್ಲಿ ಜಪಮಾಲೆ ಮುಗಿಯುವಷ್ಟರಲ್ಲಿ ನಾವೆಲ್ಲ ಬೆವರಲ್ಲಿ ಮಿಂದಿರುತ್ತಿದ್ದೆವು. ಮತ್ತೆ ಯಾವ ಪಾಪ ಉಳಿದೀತು ಹೇಳಿ?

ಕೊನೆಗೆ ಅಂಕಲ್ ಮೈಕಿಗೆ ಕೈಮುಗಿದು "ಬೆಸಾಂವ್ ದಿಯಾ" ಎಂದು ಸುಮ್ಮನಾಗುತ್ತಿದ್ದರು. ಊರಿನ ಅಮ್ಮಂದಿರು ಉತ್ತರಿಸಲೆಂದು ಬಿಟ್ಟ ಜಾಗ ಅದು. ನಮಗೇನೂ ಕೇಳಿಸುತ್ತಿರಲಿಲ್ಲ. ಆದರೂ ಅವರು ಕೇಳಿಸಿದವರ ಹಾಗೆ ತಲೆ ಬಗ್ಗಿಸುತ್ತಿದ್ದರು. ತಾಯಿ ತೀರಿಕೊಂಡ ಮೇಲೂ ಬಗ್ಗಿಸಿದರು.

ಕಳೆದ ತಿಂಗಳು ಅಂಕಲ್ ರಿಟೈರ್ ಆಗಿ ಊರಿಗೆ ಹೋದರು. ಬ್ಲ್ಯಾಂಕೆಟ್‌ಗಳನ್ನೂ ಮೈಕನ್ನೂ ಪಕ್ಕದ ಬಿಲ್ಡಿಂಗಿನ ಶೆರಿಲ್‌ಗೆ ಬಿಟ್ಟರು. ಈಗ ರೇಡಿಯೋ ನಡೆಸುವವಳು ಅವಳೇ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಫೋನಿನಲ್ಲಿ ಅವಳಿಗೆ ಅಮ್ಮನ ದೂರು ಮುಟ್ಟಿಸಿದೆ.

"ಆಂಟಿ, ಅದು ಡೆಡ್ ಏರ್ ಅಲ್ವಾ, ಏನೂ ಸೌಂಡ್ ಇಲ್ಲದ ಗ್ಯಾಪ್? ಸಾಫ್ಟ್‌ವೇರೇ ಕಟ್ ಮಾಡ್ತದೆ."

ಸಿಟ್ಟು ಬರಲಿಲ್ಲ. ಅವಳಿಗೆ ಹೇಳಿಕೊಟ್ಟವರು ಯಾರು? ನಮ್ಮ ಮಕ್ಕಳ ಜಪಮಾಲೆ ಮುಗಿಯುವುದು "ಗುಡ್‌ನೈಟ್ ಮಮ್ಮಿ"ಯಲ್ಲಿ. ಎಲ್ಲ ವಿವರಿಸಿದೆ. ಊರಿನ ಅಮ್ಮಂದಿರೆಲ್ಲ ನಿಜವಾಗಿ ಉತ್ತರ ಕೊಡುತ್ತಾರಾ ಎಂದು ಅವಳು ಕೇಳಿದಳು.

ಮೊನ್ನೆ ಶುಕ್ರವಾರ ರೆಕಾರ್ಡಿಂಗ್‌ಗೆಂದು ನಾನಿರುವ ಖಲೀಫಾ ಸಿಟಿಯಿಂದ ಅಷ್ಟು ದೂರ ನಾನೇ ಹೋದೆ. ಶೆರಿಲ್ ಎಸಿಯನ್ನೂ ಗ್ಯಾಪ್ ಕಟ್ ಮಾಡುವ ಸಾಫ್ಟ್‌ವೇರನ್ನೂ ಆರಿಸಿದಳು. ತನ್ನ ಅರೆಬರೆ ಕೊಂಕಣಿಯಲ್ಲಿ ಬೆಸಾಂವ್ ಕೇಳಿ, ಮೈಕಿಗೆ ಕೈಮುಗಿದು ಸುಮ್ಮನೆ ನಿಂತಳು. ಎಲ್ಲಿ ಅವಸರ ಮಾಡುತ್ತಾಳೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ಮಾಡಲಿಲ್ಲ.

ಸಂಜೆ ಪ್ರಸಾರವಾದ ಮೇಲೆ ಅಮ್ಮನ ಫೋನ್ ಬರಲಿಲ್ಲ. ಬಂದದ್ದು ಸಿರಿಲ್ ಅಂಕಲ್‌ದು.

"ಇಷ್ಟು ವರ್ಷ ನಾನು ಕೇಳುವವ. ಇವತ್ತು ಕೊಡುವವನಾದೆ ನೋಡು. ಆ ಹುಡುಗಿಗೆ ಹೇಳು, ಇನ್ನೂ ಸ್ವಲ್ಪ ಹೊತ್ತು ಬಿಡಬೇಕಂತೆ ಅಂತ. ನನಗೆ ಸ್ವರ ಬರುವಾಗ ಪದ್ಯ ಶುರುವಾಗಿತ್ತು."

ನೀವೇ ಹೇಳಿ, ಇದು ಡೆಡ್ ಏರಾ?